ಹಾಲಿಗೆ ಸೇರಿದ ರಾಸಾಯನಿಕ ಎಲ್ಲಿಂದ ಬಂತು? ಲಕ್ಷಣ ಹಿಡಿದು ಮೂಲ ಹುಡುಕುವ ಕೈಪಿಡಿ

ಡೇರಿಯ ಯಂತ್ರ ಜಿಡ್ಡು ಎಷ್ಟು, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ) ಎಷ್ಟು ಎಂದು ಹೇಳುತ್ತದೆ. ಲ್ಯಾಕ್ಟೋಮೀಟರ್ ನೀರು ಬೆರೆತಿದೆಯೇ ಎಂದು ಹೇಳುತ್ತದೆ. ಡಿಡಿಟಿ (ಹಳೆಯ ಕೀಟನಾಶಕ), ಡಯಾಕ್ಸಿನ್ (ಕಸ ಸುಟ್ಟಾಗ ಹುಟ್ಟುವಂಥ ವಿಷ), ಪಿಎಫ್‌ಎಎಸ್ (ಬೆಂಕಿ ಆರಿಸುವ ನೊರೆಯಂಥವುಗಳಲ್ಲಿರುವ, ಬೇಗ ಒಡೆಯದ ರಾಸಾಯನಿಕಗಳು), ಅಫ್ಲಾಟಾಕ್ಸಿನ್ (ಬೂಷ್ಟಿನ ವಿಷ) ಇವುಗಳಲ್ಲಿ ಒಂದನ್ನೂ ಆ ಎರಡೂ ಹಿಡಿಯುವುದಿಲ್ಲ. ಹಾಲಿನಲ್ಲಿ ಸಿಗುವ ಪ್ರಮಾಣದಲ್ಲಿ ಇವುಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಾಯಿಸಿದರೂ ಪಾಶ್ಚರೀಕರಣ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಹುಡುಕಾಟ ಹಾಲಿನ ಕ್ಯಾನಿನಿಂದ ಹಿಂದಕ್ಕೆ ನಡೆಯಬೇಕು: ಹಸು, ಮೇವು, ನೀರು, ಕೊನೆಗೆ ನೆಲ. ಜಗತ್ತಿನ ದೊಡ್ಡ ಪ್ರಕರಣಗಳನ್ನು ನೋಡಿದರೆ ವಿಷ ಹೆಚ್ಚಾಗಿ ಬಂದಿರುವುದು ಮೇವಿನ ದಾರಿಯಲ್ಲೇ. ಅಷ್ಟು ಮಾತ್ರ ನೆನಪಿಟ್ಟುಕೊಂಡರೂ ಅರ್ಧ ಕೆಲಸ ಮುಗಿದಂತೆ.

ಈ ಬರಹ ಹೈನುಗಾರರಿಗೆ, ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಗಳಿಗೆ ಮತ್ತು ಈ ವಿಷಯದಲ್ಲಿ ಅಧ್ಯಯನಕ್ಕೆ ಇಳಿಯುವವರಿಗೆ. ಲಕ್ಷಣಗಳನ್ನು ನೋಡುವ ಮೊದಲು, ಖರ್ಚಿಲ್ಲದ ಒಂದು ಅಭ್ಯಾಸವನ್ನು ಇಂದೇ ಶುರು ಮಾಡಿ. ಪಶು ಆಹಾರದ, ಹಿಂಡಿಯ, ಖನಿಜ ಮಿಶ್ರಣದ ಹೊಸ ಚೀಲ ಬಿಚ್ಚಿದಾಗಲೆಲ್ಲ ಒಂದು ಬೊಗಸೆಯಷ್ಟನ್ನು ಗಾಳಿಯಾಡದ ಡಬ್ಬಿಗೆ ಹಾಕಿ. ಚೀಲದ ಮೇಲಿನ ಬ್ಯಾಚ್ ಸಂಖ್ಯೆಯ ಚೀಟಿಯನ್ನು ಕತ್ತರಿಸಿ ಅದಕ್ಕೇ ಅಂಟಿಸಿ, ಬಿಚ್ಚಿದ ದಿನಾಂಕ ಬರೆದು, ಬಿಸಿಲು ಬೀಳದ ಒಣ ಜಾಗದಲ್ಲಿ ಆರು ತಿಂಗಳು ಇಡಿ. ತೊಂದರೆ ಕಾಣಿಸಿಕೊಳ್ಳುವ ಹೊತ್ತಿಗೆ ಆ ಚೀಲದ ಮೇವನ್ನು ಹಸುಗಳು ತಿಂದು ಮುಗಿಸಿರುತ್ತವೆ. ಆಗ ನಿಮ್ಮ ಕೈಯಲ್ಲಿರುವ ಪುರಾವೆ ಆ ಡಬ್ಬಿ ಒಂದೇ.

ಲಕ್ಷಣ 1: ಹಾಲಿಗೆ ವಾಸನೆ ಬಂದಿದೆ, ಅಥವಾ ಮೊಸರು ಹೆಪ್ಪಾಗುತ್ತಿಲ್ಲ

ಜನ ಮೊದಲು ಗಾಬರಿಯಾಗುವುದು ಇವೆರಡಕ್ಕೆ. ಆದರೆ ಇವು ದೇಹದಲ್ಲಿ ಉಳಿದುಕೊಳ್ಳುವ ವಿಷಗಳ ಗುರುತಲ್ಲ. ವಾಸನೆ ಬಂದರೆ ಕೊಟ್ಟಿಗೆ ತೊಳೆದ ಫಿನಾಯಿಲ್, ಉಣ್ಣಿಗೆ ಸಿಂಪಡಿಸಿದ ಔಷಧ, ಹಾಲು ಕರೆಯುವ ಮುಂಚೆ ಹಾಕಿದ ರಸಮೇವು, ಸರಿಯಾಗಿ ತೊಳೆಯದ ಕ್ಯಾನು ಇವನ್ನು ಒಂದೊಂದಾಗಿ ನೋಡಿ.

ಮೊಸರು ಹೆಪ್ಪಾಗದಿದ್ದರೆ ಮೊದಲು ಪ್ರತಿಜೀವಕ ಔಷಧವನ್ನು ಅನುಮಾನಿಸಿ. ಒಂದೇ ಹೆಪ್ಪನ್ನು ಬಳಸಿ ಪ್ರತಿ ಹಸುವಿನ ಹಾಲಿಗೂ ಬೇರೆ ಬೇರೆ ಲೋಟದಲ್ಲಿ ಹೆಪ್ಪು ಹಾಕಿ. ಕೆಚ್ಚಲು ಬಾವಿಗೆ ಟ್ಯೂಬ್ ಏರಿಸಿಕೊಂಡ ಹಸುವಿನ ಲೋಟ ಮಾತ್ರ ನೀರಾಗಿ ಉಳಿದರೆ ಉತ್ತರ ಸಿಕ್ಕಂತೆ. ಔಷಧದ ಚೀಟಿಯಲ್ಲಿ ಹಾಲು ಮಾರಬಾರದ ಅವಧಿಯನ್ನು ನಮೂದಿಸಿರುತ್ತಾರೆ. ಆ ಅವಧಿ ಮುಗಿಯುವವರೆಗೆ ಹಾಲನ್ನು ಹೊರಗೆ ಚೆಲ್ಲಿ. ಎಲ್ಲ ಲೋಟಗಳೂ ನೀರಾಗಿದ್ದರೆ ಹೆಪ್ಪನ್ನು ಬದಲಿಸಿ ನೋಡಿ, ಪಾತ್ರೆ ತೊಳೆಯುವ ದ್ರಾವಣವನ್ನೂ ಪರಿಶೀಲಿಸಿ.

ಲಕ್ಷಣ 2: ಹಲವು ಹಸುಗಳು ಒಟ್ಟಿಗೆ ಮೇವು ಬಿಟ್ಟಿವೆ, ಹಾಲು ಇಳಿದಿದೆ, ಯಾವ ರೋಗವೂ ಸಿಗುತ್ತಿಲ್ಲ

ಇಲ್ಲಿ ನಿಧಾನಿಸಿ. ಒಂದು ಹಸು ಮೇವು ಬಿಟ್ಟರೆ ಅದು ಆ ಹಸುವಿನ ಸಮಸ್ಯೆ ಇರಬಹುದು. ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಸೂಲಿನ ಹಸುಗಳು ಒಂದೇ ವಾರದಲ್ಲಿ ಮೇವು ಬಿಟ್ಟರೆ ಅವೆಲ್ಲಕ್ಕೂ ಸಾಮಾನ್ಯವಾದದ್ದು ಏನು ಎಂದು ಕೇಳಬೇಕು. ಅದು ಒಂದೋ ಸಾಂಕ್ರಾಮಿಕ ರೋಗ, ಇಲ್ಲವೇ ನೀರು, ಇಲ್ಲವೇ ಮೇವು.

1973ರ ಶರತ್ಕಾಲದಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಹೈನುಗಾರ ರಿಕ್ ಹಾಲ್ಬರ್ಟ್ ಅವರ ಕೊಟ್ಟಿಗೆಯಲ್ಲಿ ನಡೆದದ್ದು ಇದೇ. ಹಸುಗಳು ಮೇವು ಕಡಿಮೆ ಮಾಡಿದವು, ಹಾಲು ಸರ್ರನೆ ಇಳಿಯಿತು, ಗೊರಸು ವಿಕಾರವಾಗಿ ಬೆಳೆಯತೊಡಗಿತು. ಪಶುವೈದ್ಯರಿಗೆ ಗೊತ್ತಿರುವ ಯಾವ ರೋಗಕ್ಕೂ ಅದು ಹೊಂದಲಿಲ್ಲ. ರಸಾಯನ ತಂತ್ರಜ್ಞಾನ ಓದಿದ್ದ ಹಾಲ್ಬರ್ಟ್, ಅನುಮಾನವಿದ್ದ ಆಹಾರವನ್ನೇ ಕೆಲವು ಕರುಗಳಿಗೆ ಕೊಟ್ಟು ನೋಡಿದರು, ಕೆಲವು ಸತ್ತವು. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸುತ್ತಲೇ ಹೋದರು. ಉತ್ತರ ಸಿಕ್ಕಿದ್ದು 1974ರ ವಸಂತದಲ್ಲಿ. ಪಶು ಆಹಾರಕ್ಕೆ ಸೇರಿಸುವ ಮೆಗ್ನೀಷಿಯಂ ಆಕ್ಸೈಡ್ ಅನ್ನು ‘ನ್ಯೂಟ್ರಿಮಾಸ್ಟರ್’ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಕಾರ್ಖಾನೆಯೇ, ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತದಂತೆ ಬೆರೆಸುವ ಪಿಬಿಬಿ ಎಂಬ ರಾಸಾಯನಿಕವನ್ನು ‘ಫೈರ್‌ಮಾಸ್ಟರ್’ ಎಂಬ ಹೆಸರಿನಲ್ಲಿ ತಯಾರಿಸುತ್ತಿತ್ತು. ಚೀಲಗಳು ಅದಲುಬದಲಾಗಿ, ವಿಷ ಪಶು ಆಹಾರದ ಗಿರಣಿಗೆ ಹೋಗಿತ್ತು. ಮೂಲ ಪತ್ತೆಯಾಗುವ ಹೊತ್ತಿಗೆ ರಾಜ್ಯದ ಜನ ತಿಂಗಳುಗಟ್ಟಲೆ ಆ ಹಾಲು, ಮಾಂಸ, ಮೊಟ್ಟೆ ತಿಂದಾಗಿತ್ತು. ಐನೂರಕ್ಕೂ ಹೆಚ್ಚು ಫಾರಂಗಳಿಗೆ ನಿರ್ಬಂಧ ಬಿತ್ತು. ಸುಮಾರು 30 ಸಾವಿರ ದನಗಳನ್ನು, 15 ಲಕ್ಷ ಕೋಳಿಗಳನ್ನು ಕೊಂದು ಹೂಳಬೇಕಾಯಿತು.

ಈ ಪ್ರಕರಣದ ಒಂದು ವಿವರ ಎಲ್ಲ ಸಂಶೋಧಕರಿಗೂ ಬೇಕಾದದ್ದು. ಮಾಮೂಲಿ ಕೀಟನಾಶಕ ಪರೀಕ್ಷೆಯಲ್ಲಿ ಪಿಬಿಬಿ ಕಾಣಿಸಲಿಲ್ಲ. ಅದು ಉಪಕರಣದಿಂದ ಬಹಳ ತಡವಾಗಿ ಹೊರಬೀಳುವ ವಸ್ತು; ಯಂತ್ರವನ್ನು ರೂಢಿಗಿಂತ ಹೆಚ್ಚು ಹೊತ್ತು ಓಡಲು ಬಿಟ್ಟಾಗ ಮಾತ್ರ ಅದರ ಗುರುತು ಮೂಡಿತು. ಪ್ರಯೋಗಾಲಯವು ತನಗೆ ಹುಡುಕಲು ಹೇಳಿದ್ದನ್ನು ಮಾತ್ರ ಹುಡುಕುತ್ತದೆ. ‘ಪತ್ತೆಯಾಗಿಲ್ಲ’ ಎಂಬ ವರದಿ ಬಂದರೆ ಯಾವ ಯಾವ ವಸ್ತುಗಳಿಗೆ ಪರೀಕ್ಷಿಸಿದ್ದೀರಿ, ಎಷ್ಟಕ್ಕಿಂತ ಕಡಿಮೆ ಇದ್ದರೆ ನಿಮ್ಮ ಯಂತ್ರಕ್ಕೆ ಕಾಣುವುದಿಲ್ಲ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಸುಮ್ಮನಾಗಬೇಡಿ.

ನಿಮ್ಮ ಕೊಟ್ಟಿಗೆಯಲ್ಲಿ ಮಾಡಬೇಕಾದದ್ದು ಹೀಗೆ. ಹಾಲಿನ ಲೆಕ್ಕದ ಪುಸ್ತಕ ತೆಗೆದು, ಇಳಿಕೆ ಶುರುವಾದ ದಿನಕ್ಕೆ ಗೀಟು ಹಾಕಿ. ಅದರ ಹಿಂದಿನ ಹದಿನೈದು ದಿನಗಳಲ್ಲಿ ಹೊಸ ಚೀಲ, ಹೊಸ ಹಿಂಡಿ, ಹೊಸ ಖನಿಜ ಮಿಶ್ರಣ, ಬೇರೆ ಹೊಲದ ಮೇವು ಏನಾದರೂ ಬಂತೇ ನೋಡಿ. ಅನುಮಾನದ ಚೀಲವನ್ನು ನಿಲ್ಲಿಸಿ, ಹಳೆಯ ಮೇವಿಗೆ ಮರಳಿ, ಹಸುಗಳು ತಿನ್ನುತ್ತವೆಯೇ ಗಮನಿಸಿ. ಅದೇ ಬ್ಯಾಚಿನ ಆಹಾರ ಕೊಂಡ ಪಕ್ಕದ ಮನೆಯವರನ್ನು ವಿಚಾರಿಸಿ. ಅವರಲ್ಲೂ ಹೀಗೇ ಆಗಿದ್ದರೆ ವಿಷಯ ನಿಮ್ಮ ಕೊಟ್ಟಿಗೆಯನ್ನು ದಾಟಿದೆ. ಚೀಲವನ್ನು ಅಂಗಡಿಗೆ ವಾಪಸು ಕೊಡುವ ಮುಂಚೆ ಮಾದರಿ ತೆಗೆದಿಟ್ಟುಕೊಳ್ಳಿ. ಹಾಲ್ಬರ್ಟ್ ಮಾಡಿದಂತೆ ಕರುಗಳ ಮೇಲೆ ಪ್ರಯೋಗ ಮಾಡಬೇಡಿ. ಅವರಿಗೆ ಬೇರೆ ದಾರಿ ಇರಲಿಲ್ಲ, ನಮಗೆ ಪ್ರಯೋಗಾಲಯಗಳಿವೆ.

ಲಕ್ಷಣ 3: ಹಾಲಿನಲ್ಲಿ ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿದೆ ಎಂದು ವರದಿ ಬಂದಿದೆ

ಹಾಲಿನ ಸುರಕ್ಷತೆಯ ಮಟ್ಟಿಗೆ ನಮ್ಮ ದೇಶದಲ್ಲಿ ಹೆಚ್ಚು ಎದುರಾಗುವ ದೋಷವಿದು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದಾದ್ಯಂತ ಸಂಗ್ರಹಿಸಿದ 6,432 ಹಾಲಿನ ಮಾದರಿಗಳಲ್ಲಿ 368ರಲ್ಲಿ, ಅಂದರೆ ನೂರಕ್ಕೆ ಸುಮಾರು ಆರರಲ್ಲಿ, ಎಂ1 ಮಿತಿ ಮೀರಿತ್ತು. ಕಲಬೆರಕೆಯಿಂದ ಅಪಾಯಕಾರಿಯಾಗಿದ್ದ ಮಾದರಿಗಳು ಬರೀ 12. ಪತ್ರಿಕೆಗಳಲ್ಲಿ ನಾವು ಓದುವುದೆಲ್ಲ ಯೂರಿಯಾ, ಡಿಟರ್ಜೆಂಟ್ ಸುದ್ದಿ; ಹಿಂಡಿಯ ಬೂಷ್ಟಿನ ಬಗ್ಗೆ ಮಾತೇ ಇಲ್ಲ. ಇದು ನನಗೆ ತೀರಾ ಬೇಸರದ ಸಂಗತಿ.

ಭಾರತದಲ್ಲಿ ಹಾಲಿಗೆ ನಿಗದಿಯಾದ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ. ಯುರೋಪಿನಲ್ಲಿ ಅದರ ಹತ್ತನೇ ಒಂದು ಭಾಗ. ಬೂಷ್ಟು ಹಿಡಿದ ಮೇವಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಬಿ1 ಹಸುವಿನ ಯಕೃತ್ತಿನಲ್ಲಿ ಎಂ1 ಆಗಿ ಬದಲಾಗುತ್ತದೆ. ತಿಂದ ಒಂದು ದಿನದೊಳಗೆ ಹಾಲಿಗೆ ಬರುತ್ತದೆ. ತಿಂದದ್ದರಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಮೂರು ಪಾಲು ಹಾಲಿಗೆ ಇಳಿಯುತ್ತದೆ, ಹೆಚ್ಚು ಹಾಲು ಕೊಡುವ ಹಸುಗಳಲ್ಲಿ ಇನ್ನೂ ಹೆಚ್ಚು.

ಮೊದಲು ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಮೆಕ್ಕೆಜೋಳ ಇವನ್ನು ನೋಡಿ. ಹಿಂಡಿಯ ಬಿಲ್ಲೆಯನ್ನು ಮುರಿದು ಒಳಭಾಗವನ್ನು ಬೆಳಕಿಗೆ ಹಿಡಿಯಿರಿ: ಹಸಿರು, ಹಳದಿ ಮಿಶ್ರಿತ ಪುಡಿಯಂಥ ಬೆಳವಣಿಗೆ ಇದ್ದರೆ, ಮುಗ್ಗಲು ವಾಸನೆ ಬಂದರೆ ಆ ಹಿಂಡಿಯನ್ನು ಬಿಟ್ಟುಬಿಡಿ. ಬೂಷ್ಟು ಕಾಣಲಿಲ್ಲ ಎಂದರೆ ಸುರಕ್ಷಿತ ಎಂದು ಅರ್ಥವಲ್ಲ. ಬೂಷ್ಟು ಸತ್ತ ಮೇಲೂ ವಿಷ ಉಳಿದಿರುತ್ತದೆ. ಬಿಸಿಲಿಗೆ ಹರಡಿ ಒಣಗಿಸುವುದರಿಂದ ತೇವ ಹೋಗುತ್ತದೆ; ಆದರೆ ಒಳಗೆ ಹುಟ್ಟಿದ ವಿಷವೂ ಹೋಗುತ್ತದೆ ಎಂದು ನಂಬಬೇಡಿ. ಕೆಟ್ಟ ಹಿಂಡಿಯನ್ನು ಒಳ್ಳೆಯದರ ಜೊತೆ ಬೆರೆಸಿ ಖರ್ಚು ಮಾಡುವ ಪದ್ಧತಿಯಂತೂ ಎರಡನ್ನೂ ಕೆಡಿಸುತ್ತದೆ.

ಆಮೇಲೆ ಸಂಗ್ರಹದ ಜಾಗ. ಚೀಲಗಳು ಗೋಡೆಗೆ ಒರಗಿವೆಯೇ, ನೆಲದ ಮೇಲೇ ಕೂತಿವೆಯೇ, ಮಳೆಗಾಲದಲ್ಲಿ ಶೀಟಿನಿಂದ ಹನಿ ಬೀಳುತ್ತದೆಯೇ? ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡಿ. ಇಷ್ಟರಲ್ಲಿ ಮೂಲ ಸಿಗದಿದ್ದರೆ ಪ್ರತಿ ಮೇವಿನ ಮಾದರಿಯನ್ನೂ ಬೇರೆ ಬೇರೆಯಾಗಿ ಬಿ1 ಪರೀಕ್ಷೆಗೆ ಕೊಡಿ. ಸಿದ್ಧ ಪಶು ಆಹಾರಕ್ಕೆ ಭಾರತೀಯ ಮಾನಕದ ಮಿತಿ ಕಿಲೋಗೆ 20 ಮೈಕ್ರೋಗ್ರಾಂ. ಚೀಲದ ತುದಿಯಲ್ಲಿನ ಒಂದು ಹಿಡಿ ಸಾಲದು. ವಿಷ ಗಂಟುಗಂಟಾಗಿ ಒಂದೊಂದು ಕಡೆ ಇರುತ್ತದೆ. ಹಲವು ಚೀಲಗಳ ಮೇಲು, ನಡು, ತಳದಿಂದ ತೆಗೆದು, ಪುಡಿ ಮಾಡಿ, ಕಲೆಸಿ, ಅದರಲ್ಲಿ ಅರ್ಧ ಕಿಲೋ ಕಳುಹಿಸಿ.

ಒಂದು ಸಮಾಧಾನವಿದೆ. ಕೆಟ್ಟ ಮೇವು ನಿಲ್ಲಿಸಿದ ಮೂರರಿಂದ ಐದು ದಿನಗಳಲ್ಲಿ ಹಾಲು ತಿಳಿಯಾಗುತ್ತದೆ. ಐದನೆಯ ದಿನದ ನಂತರವೂ ಎಂ1 ಇಳಿಯದಿದ್ದರೆ ಕೆಟ್ಟ ಮೇವು ಇನ್ನೂ ಎಲ್ಲೋ ಒಳಗೆ ಬರುತ್ತಿದೆ ಎಂದೇ ಅರ್ಥ.

ಲಕ್ಷಣ 4: ವರದಿಯಲ್ಲಿ ಡಿಡಿಟಿ, ಎಚ್‌ಸಿಎಚ್ ಅಥವಾ ಲಿಂಡೇನ್ ಇದೆ

‘ಅವೆಲ್ಲ ಯಾವಾಗಲೋ ನಿಷೇಧವಾಗಿವೆಯಲ್ಲ’ ಎಂದು ರೈತರು ಕೇಳುತ್ತಾರೆ. ನಿಜ. ಕೃಷಿಯಲ್ಲಿ ಡಿಡಿಟಿ ಬಳಕೆ 1989ರಲ್ಲಿ ನಿಂತಿತು. ಮಲೇರಿಯಾದಂಥ ರೋಗ ಹರಡುವ ಕೀಟಗಳ ನಿಯಂತ್ರಣಕ್ಕೆ ಮಾತ್ರ ಉಳಿಯಿತು. ಡಿಡಿಟಿಯಂಥದೇ ಕೀಟನಾಶಕವಾದ ಎಚ್‌ಸಿಎಚ್ 1997ರಲ್ಲಿ ನಿಷೇಧವಾಯಿತು. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, 12 ರಾಜ್ಯಗಳ 2,205 ಹಾಲಿನ ಮಾದರಿಗಳ ಪೈಕಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಾದರಿಗಳಲ್ಲಿ ಡಿಡಿಟಿ ಇತ್ತು. ಅಷ್ಟು ಸುರಿದದ್ದು ಮಣ್ಣಿನಿಂದ ಒಂದೇ ತಲೆಮಾರಿನಲ್ಲಿ ಮಾಯವಾಗುವುದಿಲ್ಲ.

ಮೊದಲು ಅಂಕಿಯನ್ನು ಸರಿಯಾಗಿ ಓದಿ. ಈ ವಸ್ತುಗಳು ಜಿಡ್ಡಿನಲ್ಲಿ ಕರಗುವುದರಿಂದ ಕೆಲವು ಪ್ರಯೋಗಾಲಯಗಳು ಕಿಲೋ ಹಾಲಿಗೆ ಇಷ್ಟು ಎಂದು ಬರೆಯುತ್ತವೆ, ಕೆಲವು ಕಿಲೋ ಜಿಡ್ಡಿಗೆ ಇಷ್ಟು ಎಂದು. ಹಾಲಿನಲ್ಲಿ ಜಿಡ್ಡು ನೂರಕ್ಕೆ ನಾಲ್ಕು ಇದ್ದರೆ ಎರಡಕ್ಕೂ 25 ಪಟ್ಟು ವ್ಯತ್ಯಾಸ. ಜಿಡ್ಡಿನ ಲೆಕ್ಕದ 1.25 ಮಿಲಿಗ್ರಾಂ ಎಂದರೆ ಹಾಲಿನ ಲೆಕ್ಕದ 0.05 ಮಿಲಿಗ್ರಾಂ. ಇದನ್ನು ಗಮನಿಸದೆ ಹೌಹಾರಿದವರೂ ಇದ್ದಾರೆ, ಇದನ್ನು ಗಮನಿಸದೆ ನಿಶ್ಚಿಂತರಾದವರೂ ಇದ್ದಾರೆ. ಎರಡನೆಯದು ಹೆಚ್ಚು ಅಪಾಯ.

ನಂತರ ವರದಿಯಲ್ಲಿ ಒಟ್ಟು ಮೊತ್ತವನ್ನು ಬಿಟ್ಟು ಬಿಡಿ ವಸ್ತುಗಳನ್ನು ನೋಡಿ. ಹಳೆಯದೋ ಹೊಸದೋ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಡಿಡಿಟಿ ಕಾಲಕ್ರಮದಲ್ಲಿ ಒಡೆದು ಡಿಡಿಇ ಆಗುತ್ತದೆ. ಡಿಡಿಇ ಹೆಚ್ಚಿದ್ದು ಡಿಡಿಟಿ ಕಡಿಮೆ ಇದ್ದರೆ ಅದು ಹಳೆಯ ಮಣ್ಣಿನ ಶೇಷ. ಡಿಡಿಟಿಯೇ ಹೆಚ್ಚಿದ್ದರೆ ಇತ್ತೀಚೆಗೆ ಯಾರೋ ಬಳಸಿದ್ದಾರೆ: ಮನೆ ಗೋಡೆಗೆ ಹೊಡೆಯಲು ಬಂದದ್ದು ಕೊಟ್ಟಿಗೆಗೂ ಬಿದ್ದಿರಬಹುದು, ಅಥವಾ ಹಳೆಯ ದಾಸ್ತಾನು ಹೊರಬಂದಿರಬಹುದು. ಎಚ್‌ಸಿಎಚ್‌ನಲ್ಲಿ ಬೀಟಾ ರೂಪವೇ ಹೆಚ್ಚಿದ್ದರೆ ಹಳೆಯದು, ಏಕೆಂದರೆ ದೇಹದಿಂದ ಅತ್ಯಂತ ನಿಧಾನವಾಗಿ ಹೋಗುವುದು ಅದೇ. ಗಾಮಾ ರೂಪವೊಂದೇ ಎದ್ದು ಕಂಡರೆ ಅದು ಲಿಂಡೇನ್.

ಹೊಸದು ಎಂದು ತೋರಿದರೆ ಹುಡುಕಬೇಕಾದ ಜಾಗಗಳು ಹತ್ತಿರದಲ್ಲೇ ಇರುತ್ತವೆ. ಅಟ್ಟದ ಮೇಲೆ ತಾತನ ಕಾಲದ ಗ್ಯಾಮಾಕ್ಸಿನ್ (ಎಚ್‌ಸಿಎಚ್ ಪುಡಿ) ಡಬ್ಬಿ ಇದೆಯೇ? ಉಣ್ಣಿಗೆ ಎಂದು ಹೆಸರಿಲ್ಲದ ಬಿಳಿ ಪುಡಿಯನ್ನು ಸಂತೆಯಲ್ಲಿ ಕೊಂಡು ಮೈಗೆ ಹಚ್ಚಿದ್ದೀರಾ? ಔಷಧ ಸವರಿದ ಬಿತ್ತನೆ ಬೀಜದಲ್ಲಿ ಉಳಿದದ್ದನ್ನು ಹಸುವಿಗೆ ಬೇಯಿಸಿ ಹಾಕಿದ್ದೀರಾ? ಕೀಟನಾಶಕದ ಡಬ್ಬಿಯನ್ನು ತೊಳೆದು ನೀರು ಕುಡಿಸಲು ಬಳಸುತ್ತಿದ್ದೀರಾ? ಅಂಥ ಡಬ್ಬಿ ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ, ಸುಡಬೇಡಿ, ಬಾವಿಯ ಬಳಿ ಹೂಳಬೇಡಿ. ಚೀಲದಲ್ಲಿ ಮುಚ್ಚಿಟ್ಟು ಕೃಷಿ ಇಲಾಖೆಗೆ ತಿಳಿಸಿ.

ಕೊಂಡು ತಂದ ಹಸಿಮೇವನ್ನೂ ಮರೆಯಬೇಡಿ. 1982ರಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಹಾಲನ್ನು ಅಂಗಡಿಗಳಿಂದ ವಾಪಸು ತರಿಸಬೇಕಾಯಿತು. ಅನಾನಸ್ ಬೆಳೆಗೆ ಹೆಪ್ಟಾಕ್ಲೋರ್ ಎಂಬ ಕೀಟನಾಶಕ ಹೊಡೆದು, ಹಣ್ಣು ಕೊಯ್ದ ಮೇಲೆ ಎಲೆಗಳನ್ನು ಕತ್ತರಿಸಿ ಹಸುಗಳಿಗೆ ಹಾಕಿದ್ದರು. ಹಣ್ಣಿಗೆ ಎಂದು ಹಾಕಿದ ಲೆಕ್ಕಾಚಾರ ಎಲೆಗೆ ಹೊಂದಲಿಲ್ಲ. ನಮ್ಮಲ್ಲಿಯೂ ಕೋಸಿನ ಹೊರ ಎಲೆ, ಬೇಬಿ ಕಾರ್ನ್ ದಂಟು, ಕಬ್ಬಿನ ಸೋಗೆ ಇವೆಲ್ಲ ಔಷಧ ಹೊಡೆದ ತಾಕುಗಳಿಂದ ಕೊಟ್ಟಿಗೆಗೆ ಬರುತ್ತವೆ. ಕೊಡುವವರನ್ನು ಏನು ಹೊಡೆದಿರಿ, ಯಾವಾಗ ಹೊಡೆದಿರಿ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ದಕ್ಷಿಣ ಕನ್ನಡದ, ಕಾಸರಗೋಡಿನ ಊರುಗಳಲ್ಲಿ ಅಧ್ಯಯನ ಮಾಡುವವರು ಅದು ಒಡೆದು ಉಂಟಾಗುವ ಎಂಡೋಸಲ್ಫಾನ್ ಸಲ್ಫೇಟ್ ಅನ್ನೂ ಪರೀಕ್ಷಾ ಪಟ್ಟಿಗೆ ಸೇರಿಸಬೇಕು.

ಲಕ್ಷಣ 5: ಹಸು ಚೆನ್ನಾಗಿದೆ, ಹಾಲೂ ಚೆನ್ನಾಗಿದೆ, ಆದರೆ ಜಾಗದ ಬಗ್ಗೆ ಅನುಮಾನ

ಅತ್ಯಂತ ಕಷ್ಟದ ಪ್ರಕರಣ ಇದು. ಪಿಎಫ್‌ಎಎಸ್ ಮತ್ತು ಡಯಾಕ್ಸಿನ್ ಹಾಲಿನಲ್ಲಿ ಮಿತಿ ಮೀರಿದಾಗಲೂ ಹಸುವಿನಲ್ಲಿ ಏನೂ ಕಾಣಿಸದೇ ಇರಬಹುದು. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಕ್ಲೋವಿಸ್ ಊರಿನ ಹೈನುಗಾರರೊಬ್ಬರಿಗೆ 2018ರಲ್ಲಿ ಅವರ ಬಾವಿಯ ನೀರಿನಲ್ಲಿ ಪಿಎಫ್‌ಎಎಸ್ ಇದೆ ಎಂದು ತಿಳಿಯಿತು. ಪಕ್ಕದ ವಾಯುನೆಲೆಯಲ್ಲಿ ಬೆಂಕಿ ಆರಿಸಲು ಬಳಸಿದ ನೊರೆ ಅಂತರ್ಜಲ ಸೇರಿತ್ತು. ಅವರು ಮೂರೂವರೆ ಸಾವಿರಕ್ಕೂ ಹೆಚ್ಚು ಹಸುಗಳನ್ನು ಕಳೆದುಕೊಂಡರು. ಮೇನ್ ರಾಜ್ಯದಲ್ಲಿ ಗೊಬ್ಬರವೆಂದು ಹೊಲಕ್ಕೆ ಹಾಕಿದ ಕೊಳಚೆ ಶುದ್ಧೀಕರಣದ ಕೆಸರಿನಿಂದ ಹುಲ್ಲಿಗೆ, ಹುಲ್ಲಿನಿಂದ ಹಾಲಿಗೆ ಪಿಎಫ್‌ಎಎಸ್ ಬಂತು. ಆ ರಾಜ್ಯ ಅದೇ ಗುಂಪಿನ ಪಿಎಫ್‌ಒಎಸ್‌ಗೆ ಲೀಟರ್ ಹಾಲಿಗೆ 210 ನ್ಯಾನೋಗ್ರಾಂ ಮಟ್ಟವನ್ನು ಗೊತ್ತುಮಾಡಿ, 2022ರಲ್ಲಿ ಕೆಸರು ಹರಡುವುದನ್ನೇ ನಿಷೇಧಿಸಿತು.

ಹಾಗಾಗಿ ಇಲ್ಲಿ ಲಕ್ಷಣವನ್ನು ನೆಲದಲ್ಲಿ ಹುಡುಕಬೇಕು. ವೃಷಭಾವತಿ ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಸೇರುತ್ತದೆ. ಅಲ್ಲಿನ ಅಚ್ಚುಕಟ್ಟಿನಲ್ಲಿ ಭತ್ತ ಹಿಂದೆ ಸರಿದು ಮೇವಿನ ಹುಲ್ಲು ಮುಂದೆ ಬಂದಿದೆ. ಇಂಥ ನೀರಿನ ಹುಲ್ಲು ಕಡು ಹಸಿರಾಗಿ, ಎದೆಯೆತ್ತರಕ್ಕೆ ಬೆಳೆದಿರುತ್ತದೆ. ಅದನ್ನು ನೋಡಿ ಗುಣವನ್ನು ಅಳೆಯಲಾಗದು. ಕೊಳಚೆ ನೀರಿನಲ್ಲಿ ಮೇವು ಬೆಳೆಯುತ್ತಿದ್ದರೆ, ಕಸ ಅಥವಾ ಕೇಬಲ್ ಸುಡುವ ಜಾಗದ ಗಾಳಿ ನಿಮ್ಮ ಹುಲ್ಲಿನ ಮೇಲೆ ಬೀಸುತ್ತಿದ್ದರೆ, ಹಳೆಯ ಬ್ಯಾಟರಿ ಒಡೆಯುವ ಶೆಡ್ ಹತ್ತಿರವಿದ್ದರೆ ಅನುಮಾನಕ್ಕೆ ಅಷ್ಟೇ ಸಾಕು.

ಪರೀಕ್ಷೆಯ ಖರ್ಚು ಇಲ್ಲಿ ದೊಡ್ಡದು, ಅದರಲ್ಲೂ ಡಯಾಕ್ಸಿನ್ ಪರೀಕ್ಷೆಯದು. ಆದ್ದರಿಂದ ಒಬ್ಬರೇ ಮಾಡಿಸಲು ಹೋಗಬೇಡಿ; ಸಂಘದ ಮೂಲಕ, ಒಕ್ಕೂಟದ ಮೂಲಕ ಕೇಳಿ. ಮೊದಲು ನೀರು, ಅದರಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳು. ನಂತರ ಹುಲ್ಲು. ಕೊನೆಗೆ ಊರಿನ ಹಾಲನ್ನೆಲ್ಲ ಒಟ್ಟು ಮಾಡಿ ತಣ್ಣಗಿಡುವ ಬಲ್ಕ್ ಕೂಲರಿನ ಹಾಲು. ಅಲ್ಲಿ ಸಿಕ್ಕರೆ ಮಾತ್ರ ಮನೆಮನೆಯ ಹಾಲಿಗೆ ಇಳಿಯಿರಿ. ಆದರೆ ಕೂಲರಿನಲ್ಲಿ ನೂರಾರು ಮನೆಗಳ ಹಾಲು ಬೆರೆತು ತೆಳುವಾಗಿರುತ್ತದೆ. ಅಲ್ಲಿ ಸಿಗಲಿಲ್ಲವೆಂದರೆ ನಾಲೆಯ ಪಕ್ಕದ ಮನೆಗೆ ತೊಂದರೆಯಿಲ್ಲ ಎಂದಾಗದು. ಆ ಮನೆಯ ಮಕ್ಕಳು ಕುಡಿಯುವುದು ತಮ್ಮ ಹಸುವಿನ ಬೆರಕೆಯಿಲ್ಲದ ಹಾಲನ್ನೇ. ಅವರ ಹಾಲನ್ನು ಬೇರೆಯಾಗಿಯೇ ಪರೀಕ್ಷಿಸಿ.

ಮಾದರಿ ತೆಗೆಯುವಾಗ

ಕೀಟನಾಶಕ, ಡಯಾಕ್ಸಿನ್ ಪರೀಕ್ಷೆಗೆ ಗಾಜಿನ ಬಾಟಲಿ. ಪಿಎಫ್‌ಎಎಸ್‌ಗೆ ಗಾಜು ಬೇಡ, ಟೆಫ್ಲಾನ್ ಇರುವ ಮುಚ್ಚಳವಂತೂ ಬೇಡವೇ ಬೇಡ. ಪಾಲಿಪ್ರೊಪಿಲೀನ್ ಬಾಟಲಿಯನ್ನು ಪ್ರಯೋಗಾಲಯದಿಂದಲೇ ಪಡೆಯಿರಿ. ಹಾಲನ್ನು ಚೆನ್ನಾಗಿ ಕಲಕಿ ತೆಗೆಯಿರಿ: ಕೆನೆ ಮೇಲೆ ನಿಂತಾಗ ತೆಗೆದ ಮಾದರಿಯಲ್ಲಿ ಡಿಡಿಟಿಯ ಅಂಕಿ ಸುಳ್ಳಾಗುತ್ತದೆ. ಎರಡು ಬಾಟಲಿ ತುಂಬಿ, ಒಂದನ್ನು ಮೊಹರು ಮಾಡಿ ಫ್ರೀಜರಿನಲ್ಲಿ ಉಳಿಸಿಕೊಳ್ಳಿ. ಚೀಟಿಯಲ್ಲಿ ಹಸುವಿನ ಕಿವಿಯೋಲೆ ಸಂಖ್ಯೆ, ಕರು ಹಾಕಿದ ದಿನ, ಆ ವಾರದ ಮೇವು ಬರೆಯಿರಿ. ಕರು ಹಾಕಿದ ಹೊಸದರಲ್ಲಿ ಹಸು ಮೈಯ ಕೊಬ್ಬನ್ನು ಕರಗಿಸಿ ಹಾಲು ಕೊಡುತ್ತದೆ, ಕೊಬ್ಬಿನಲ್ಲಿ ಕೂತದ್ದೂ ಜೊತೆಗೇ ಬರುತ್ತದೆ. ಆ ದಿನಾಂಕವಿಲ್ಲದೆ ಎರಡು ಹಸುಗಳ ಅಂಕಿಗಳನ್ನು ಹೋಲಿಸಲಾಗದು. ಪ್ರಯೋಗಾಲಯ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದದ್ದಾಗಿರಲಿ, ಮತ್ತು ಆ ಮಾನ್ಯತೆ ನಿಮಗೆ ಬೇಕಾದ ಪರೀಕ್ಷೆಗೇ ಇರಲಿ. ಹಾಲು ಕೊಳ್ಳುವ ಗ್ರಾಹಕರಿಗೂ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಪ್ರಕಾರ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸುವ ಹಕ್ಕಿದೆ.

ಇಲ್ಲಿಗೆ ನಿಲ್ಲಿಸಿ, ಸಹಾಯ ಕೇಳಿ

ಹಸು ಕಣ್ಣು ಕಾಣದಂತೆ ನಡೆಯುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು, ಹಲ್ಲು ಕಡಿಯುವುದು ಸೀಸದ ವಿಷದ ಗುರುತುಗಳಾಗಿರಬಹುದು. ಜೊಲ್ಲು ಸುರಿಸುವುದು, ಮೈ ನಡುಗುವುದು, ಸೆಳೆತ ಬರುವುದು ಕೀಟನಾಶಕದ್ದಾಗಿರಬಹುದು. ಹುಚ್ಚುನಾಯಿ ರೋಗದಲ್ಲೂ ಹೀಗೆ ಕಾಣುವುದುಂಟು, ಆದ್ದರಿಂದ ಬಾಯಿಗೆ ಕೈ ಹಾಕಬೇಡಿ, ಮನೆಮದ್ದು ಕುಡಿಸಬೇಡಿ. ಕೂಡಲೇ ಪಶುವೈದ್ಯರನ್ನು ಕರೆಯಿರಿ. ಸಂಚಾರಿ ಪಶು ಚಿಕಿತ್ಸಾಲಯದ ಸಹಾಯವಾಣಿ 1962. ಸತ್ತ ಹಸುವಿದ್ದರೆ ಮರಣೋತ್ತರ ಪರೀಕ್ಷೆಗೆ ಮುಂಚೆ ಹೂಳಬೇಡಿ. ಎರಡಕ್ಕಿಂತ ಹೆಚ್ಚು ಕೊಟ್ಟಿಗೆಗಳಲ್ಲಿ ಒಂದೇ ಲಕ್ಷಣ ಕಂಡರೆ ಒಕ್ಕೂಟಕ್ಕೂ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೂ ಬರಹದಲ್ಲಿ ತಿಳಿಸಿ.

ಅನುಮಾನದ ಹಾಲನ್ನು ಡೇರಿಗೆ ಹಾಕಬೇಡಿ, ಕರುವಿಗೂ ನಾಯಿಗೂ ಕುಡಿಸಬೇಡಿ. ‘ಹಾಲು ಬೇಡ, ತುಪ್ಪ ಮಾಡೋಣ’ ಎಂದು ಹೊರಟರೆ ಡಿಡಿಟಿ, ಡಯಾಕ್ಸಿನ್‌ಗಳು ಜಿಡ್ಡಿನೊಂದಿಗೆ ಹೋಗಿ ತುಪ್ಪದಲ್ಲಿ ಹಲವು ಪಟ್ಟು ದಟ್ಟವಾಗುತ್ತವೆ. ಎಂ1 ಮತ್ತು ಪಿಎಫ್‌ಒಎಸ್ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಅವು ಪನ್ನೀರಿನಲ್ಲಿ ದಟ್ಟವಾಗುತ್ತವೆ.

ಮೂಲ ಸಿಕ್ಕ ಮೇಲೆ

ದೇಹದಲ್ಲಿ ಕೂತ ವಿಷ ಅಫ್ಲಾಟಾಕ್ಸಿನ್‌ನಂತೆ ವಾರದಲ್ಲಿ ಹೋಗುವುದಿಲ್ಲ. ಮೂಲ ನಿಂತ ಮೇಲೂ ಡಿಡಿಟಿ, ಡಯಾಕ್ಸಿನ್, ಪಿಎಫ್‌ಒಎಸ್ ಹಾಲಿನಿಂದ ಇಳಿಯಲು ತಿಂಗಳುಗಳೇ ಬೇಕು. ತಿಂಗಳಿಗೊಮ್ಮೆ ಅದೇ ಹಸುವಿನ, ಅದೇ ಹೊತ್ತಿನ ಹಾಲನ್ನು ಅದೇ ಪ್ರಯೋಗಾಲಯಕ್ಕೆ ಕಳುಹಿಸಿ. ಅಂಕಿ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ನೀವು ತೆಗೆದದ್ದು ನಿಜವಾದ ಮೂಲ. ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟರೆ ಇನ್ನೊಂದು ಮೂಲವಿದೆ. ಆಗ ಮತ್ತೆ ನೀರಿನಿಂದ ಶುರು ಮಾಡಿ. ಇಳಿಯುತ್ತಿದ್ದದ್ದು ಮುಂದಿನ ಕರು ಹಾಕಿದ ಕೂಡಲೇ ಮತ್ತೆ ಏರಿದರೆ ಗಾಬರಿ ಬೇಡ, ಅದು ಮೈಯಲ್ಲಿ ಉಳಿದಿದ್ದ ಹಳೆಯ ಬಾಕಿ. ಆದರೆ ಅಂಕಿ ಮಿತಿಯೊಳಗೆ ಬರುವವರೆಗೆ ಆ ಹಾಲನ್ನು ಮನೆಯಲ್ಲೂ ಬಳಸಬೇಡಿ, ಡೇರಿಗೂ ಹಾಕಬೇಡಿ.